ಒಂದು ಪಾಕೀಟಿಗೆ ಒಂದೇ ಹೆಸರು

"ತಿಪ್ಪೇರುದ್ರಮ್ಮಾರ, ನಾಳಿಂದ ನಿಮ್ಮ ಹೆಸರಿನ ಪಾಕೀಟಷ್ಟ ಕಳಸ್ರಿ. ಕೊಟ್ರಮ್ಮಾರವು ಸದ್ಯಕ್ಕ ಬ್ಯಾಡ."

ಸೊಸೆ ಭೂಮಿಕಾ ಹಿಡಿದಿದ್ದ ಫೋನಿನ ಸ್ಪೀಕರಿನಲ್ಲಿ ಹಗರಿಬೊಮ್ಮನಹಳ್ಳಿಯ ಅಂಗಡಿಯ ಸೋಮಶೇಖರ್ ಹೇಳಿದ ಮಾತು ಅಡುಗೆಮನೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಎಲ್ಲರೂ ಎಂದರೆ ಮೂವರೇ. ಒಲೆಯ ಮುಂದೆ ತಿಪ್ಪೇರುದ್ರಮ್ಮ, ಅವಳ ಎಡಕ್ಕೆ ಜೋಳದ ಹಿಟ್ಟಿನ ಮುಂದೆ ಪಕ್ಕದ ಮನೆಯ ಕೊಟ್ರಮ್ಮ, ಬಾಗಿಲಲ್ಲಿ ಭೂಮಿಕಾ. ತಟ್ಟುತ್ತಿದ್ದ ಕೊಟ್ರಮ್ಮನ ಕೈ ಅರ್ಧ ರೊಟ್ಟಿಗೇ ನಿಂತಿತು.

"ಅವು ನನ್ನವು ಅಂತ ಅಲ್ಲಿ ಕುಂತ ಅವಂಗ ಹ್ಯಾಂಗ ತಿಳೀತು?"

"ಟ್ಯಾಗಿನಾಗ ಐತಿ ಚಿಗವ್ವಾ. ಯಾರ ಪಾಕೀಟು ಹೋತು, ಯಾರದು ಉಳೀತು ಅಂತ ಅವರಿಗೆ ಕುಂತಲ್ಲೇ ಕಾಣ್ತೈತಿ. ಕೊಳ್ಳೋರು ಅದಕ್ಕ ಫೋನ್ ಹಿಡದ್ರ ಮಾಡಿದೋರ ಮಾರೀನೂ ಬರ್ತೈತಿ," ಎಂದಳು ಭೂಮಿಕಾ.

ಟ್ಯಾಗಿಗೆಂದು ಇಬ್ಬರ ಫೋಟೊ ತೆಗೆದವಳೂ ಅವಳೇ. ಒಂದರಲ್ಲಿ ತಿಪ್ಪೇರುದ್ರಮ್ಮ ಬಾಯ್ತುಂಬ ನಕ್ಕಿದ್ದಳು. ಇನ್ನೊಂದರಲ್ಲಿ ಕೊಟ್ರಮ್ಮ ಹೊಗೆಗೆ ಕಣ್ಣು ಕಿರಿದು ಮಾಡಿ, ಯಾರನ್ನೋ ಬೈಯಲು ಹೊರಟವಳ ಹಾಗೆ ಕಂಡಿದ್ದಳು.

ರೊಟ್ಟಿ ಮಾತ್ರ ಒಂದೇ. ಇಬ್ಬರೂ ಮದುವೆಯಾಗಿ ಹೊಸಹಳ್ಳಿಯ ಈ ಓಣಿಗೆ ಬಂದಾಗಿನಿಂದ ಕೊಟ್ರಮ್ಮ ತಟ್ಟುವುದು, ತಿಪ್ಪೇರುದ್ರಮ್ಮ ಸುಡುವುದು. ಬಟ್ಟೆ ಸುತ್ತಿದ ಬುಟ್ಟಿಯನ್ನು ಬಸ್ಸಿಗೆ ಹಾಕುತ್ತಿದ್ದ ಕಾಲದಲ್ಲಿ ಹೆಸರೇ ಬೇಕಿರಲಿಲ್ಲ; ಹೊಸಹಳ್ಳಿಯ ಖಡಕ್ ರೊಟ್ಟಿ ಎಂದರೆ ಮುಗಿಯಿತು. ಅಂಗಡಿಯವರು ಕೊಟ್ಟ ಹೊಸ ಟ್ಯಾಗು ಒಂದು ಪಾಕೀಟಿಗೆ ಒಂದೇ ಹೆಸರು ಕೇಳಿತು. ಯಾರಿಗೂ ಬೇಸರ ಬೇಡವೆಂದು ತಿಪ್ಪೇರುದ್ರಮ್ಮನೇ ಸುಟ್ಟ ರಾಶಿಯನ್ನು ಎರಡು ಪಾಲು ಮಾಡಿ, ಅರ್ಧಕ್ಕೆ ತನ್ನ ಹೆಸರು, ಅರ್ಧಕ್ಕೆ ಗೆಳತಿಯ ಹೆಸರು ಅಂಟಿಸಲು ಹೇಳಿದ್ದಳು.

"ಸೋಮಣ್ಣಾ, ಎರಡೂ ಒಂದ ಒಲಿ ರೊಟ್ಟಿ ಅದಾವ," ಭೂಮಿಕಾ ಮೆಲ್ಲಗೆ ಹೇಳಿದಳು.

"ಇರಬೌದವ್ವ. ಆದ್ರ ಒಂದು ಹೋಗ್ತೈತಿ, ಒಂದು ಕುಂತಲ್ಲೇ ಕುಂತೈತಿ. ನಾ ಏನ್ ಮಾಡ್ಲಿ?" ಅವನು ಫೋನ್ ಇಟ್ಟ.

ಆಗ ತಿಪ್ಪೇರುದ್ರಮ್ಮ ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ಕಂಡರಿಯದ ಊರಿನ ಜನ ತನ್ನ ಮುಖ ನೋಡಿ ರೊಟ್ಟಿ ಒಯ್ಯುತ್ತಾರೆಂಬ ಹಿಗ್ಗು ಒಳಗೊಳಗೇ ಉಕ್ಕಿತ್ತು. ದಿನಾ ಆಡುವ ಚೇಷ್ಟೆಯ ಮಾತೇ ಬಾಯಿಗೆ ಬಂತು.

"ಎಷ್ಟು ಸಲ ಹೇಳೀನಿ ಲೇ ಕೊಟ್ರಿ, ನೀ ತಟ್ಟಿ ಕೆಡಸ್ತಿ, ನಾ ಸುಟ್ಟು ಉಳಸ್ತೀನಿ."

ದಿನಾ ಈ ಮಾತಿಗೆ ಕೊಟ್ರಮ್ಮ, "ಹೌದೌದು ತಿಪ್ಪಿ, ನಿನ್ನ ಹಂಚಿಗೆ ಬಂದ್ರ ಚಂದ್ರನ ಮಾರೀನೂ ಕಪ್ಪಾಗತೈತಿ," ಎಂದು ಅವಳ ಮೇಲೆ ಹಿಟ್ಟು ಸಿಡಿಸುತ್ತಿದ್ದಳು. ಇವತ್ತು ಸಿಡಿಸಲಿಲ್ಲ. ಒಂದೊಂದೇ ಬೆರಳಿಗೆ ಮೆತ್ತಿದ ಹಿಟ್ಟನ್ನು ಕೆರೆದು ಉಂಡೆಗೆ ಸೇರಿಸಿ, ಕೈ ತೊಳೆದುಕೊಂಡಳು.

"ಎಲ್ಲಾನೂ ಅತ್ತಿ ಹೆಸರಿಲೇ ಕಳಸೂನು ಬಿಡು ಚಿಗವ್ವಾ," ಎಂದು ಭೂಮಿಕಾ ಅಡ್ಡ ಬಂದಳು.

"ಬ್ಯಾಡವ್ವ. ನಾ ಕೆಡಿಸಿದ್ದನ್ನ ನಿಮ್ಮತ್ತಿ ಯಾಕ ಹೊರಬೇಕು?"

ಸೆರಗು ಕೊಡವಿಕೊಂಡು ಹೋದಳು. ಸಂಜೆ ತಿಪ್ಪೇರುದ್ರಮ್ಮ ಅವಳ ಮನೆಗೆ ಹೋದಳು. ಕೊಟ್ರಮ್ಮ ಚಹಾ ಕೊಟ್ಟಳು. ಎಮ್ಮೆಯ ಮಾತಾಯಿತು, ನಳದ ನೀರಿನ ಮಾತಾಯಿತು. 'ನಗಚಾಟಿಗೆ ಅಂದೆ ಲೇ' ಎಂಬ ಮಾತು ಮಾತ್ರ ಆಗಲಿಲ್ಲ. ಲೋಟ ಇಟ್ಟು ಎದ್ದು ಬಂದಳು.

ಮರುದಿನ ಬೆಳಗ್ಗೆ ಒಬ್ಬಳೇ ಹಿಟ್ಟು ನಾದಿ ಇಟ್ಟು, ಒಲೆ ಹಚ್ಚಿದಳು. ಫೋನು ಟಿಂಗ್ ಎಂದಿತು.

"ಅತ್ತೀ, ಅಂಗಡ್ಯಾರು ಇನ್ನಷ್ಟು ಕೇಳ್ಯಾರ. ನಿಮ್ಮ ಹೆಸರಿನವೇ," ಎಂದಳು ಭೂಮಿಕಾ.

ತಿಪ್ಪೇರುದ್ರಮ್ಮ ಹಂಚಿಗೆ ನೀರು ಚಿಮುಕಿಸಿದಳು. ಚುರ್ ಎಂದಿತು, ಹದವಾಗಿ ಕಾದಿತ್ತು. ಕಣ್ಣನ್ನು ಹಂಚಿನ ಮೇಲೆಯೇ ಇಟ್ಟು, ತಟ್ಟಿದ ರೊಟ್ಟಿಗಾಗಿ ಎಡಗೈಯನ್ನು ಪಕ್ಕಕ್ಕೆ ಚಾಚಿದಳು. ಹಂಚು ಹೊಗೆಯಾಡತೊಡಗಿದರೂ ಆ ಅಂಗೈ ಹಾಗೇ ತೆರೆದುಕೊಂಡಿತ್ತು.