ಪಾರ್ಶ್ವನಾಥಣ್ಣನಿಗೆ ಬಡಿಸಿದ ಸಾರು

"ಯಾರಿಗೂ ಗೊತ್ತಾಗಬಾರದು," ಎನ್ನುತ್ತ ಕಾಂತಾ ಸೆರಗಿನಡಿಯಿಂದ ಸ್ಟೀಲ್ ಡಬ್ಬಿ ತೆಗೆದು ಮುತ್ತಪ್ಪನ ಕೈಗಿಟ್ಟಳು. "ನಮ್ಮ ಮೇಜಿನ ಪಾತೇಲಿಗೆ ಇದನ್ನ ಸುರೀರಿ. ಹೊಟೇಲಿನ ಸಾರು ಒಂದ ಹನಿನೂ ಬ್ಯಾಡ."

ಡಬ್ಬಿ ಇನ್ನೂ ಬಿಸಿಯಿತ್ತು. ಮುತ್ತಪ್ಪ ಆ ಹೊಟೇಲಿನಲ್ಲಿ ಬಡಿಸುವವರ ಮುಖ್ಯಸ್ಥ, ಖಾನಾಪುರದಲ್ಲಿ ಕಾಂತಾಳ ಓಣಿಯವನೇ. ಅವಳ ಮಗಳು ಪೂನಮ್‌ಗೆ ಏನಾಗಿತ್ತೆಂದು ಅವನಿಗೆ ಗೊತ್ತಿತ್ತು.

"ಹೆಚ್ಚುಕಡಿಮಿ ಆದರ ನನ್ನ ನೌಕರಿ ಹೋಗತೈತ್ರಿ ಬಾಯಾರ," ಎಂದು ಗೊಣಗಿದ. ಆದರೂ ಡಬ್ಬಿ ಹಿಡಿದುಕೊಂಡು ಒಳಗೆ ಹೋದ.

ಪೂನಮ್ ಬೆಳಗಾವಿಯ ಸಾಲೆಯೊಂದರಲ್ಲಿ ಟೀಚರ್. ಜಿನೇಶನ ಜೊತೆ ಅವಳ ನಿಶ್ಚಯವಾಗಿತ್ತು. ಎಲ್ಲ ಸರಿಯಿರುವಾಗ ಜಿನೇಶನ ಸೋದರಮಾವ ಪಾರ್ಶ್ವನಾಥ ಬಸದಿಯ ಅಂಗಳದಲ್ಲಿ, ನಾಲ್ಕು ಜನ ಹಿರಿಯರ ಮುಂದೆ ಬಾಯಿ ಬಿಟ್ಟ. "ಆ ಹುಡುಗಿ ಬೆಳಗಾವಿ ಹೊಟೇಲದಾಗ ಕೋಳಿ ತಿನ್ನೂದನ್ನ ನಾನ ಕಣ್ಣಾರೆ ನೋಡೀನಿ. ರಸ್ತೇದಾಗ ಹೊಂಟಿದ್ದೆ, ಗಾಜಿನಾಗ ಕಂಡಳು."

ಪೂನಮ್ ಜೊತೆಯ ಟೀಚರುಗಳೊಂದಿಗೆ ಇದೇ ಹೊಟೇಲಿಗೆ ಬಂದಿದ್ದು ಖರೆ. ಮೇಜಿನ ಕೆಂಡದ ಮೇಲೆ ಸುಟ್ಟುಕೊಂಡು ತಿಂದದ್ದು ಅನಾನಸು, ಮೆಕ್ಕೆಜೋಳ. ಆಣೆ ಮಾಡಿ ಹೇಳಿದಳು, ಅತ್ತಳು. ಯಾರು ಕೇಳಬೇಕು? ಪಾರ್ಶ್ವನಾಥ ಬಸದಿ ಕಮಿಟಿಯ ದೊಡ್ಡ ಮನುಷ್ಯ. ನಿಶ್ಚಯ ಮುರಿದುಬಿತ್ತು. ಪೂನಮ್ ಬಸದಿಗೆ ಬಂದರೆ ಹೆಂಗಸರು ಸೀರೆ ಎಳೆದುಕೊಂಡು ಸರಿದು ಕೂಡತೊಡಗಿದರು. ಹುಡುಗಿ ಬಸದಿಗೆ ಹೋಗುವುದನ್ನೇ ಬಿಟ್ಟಳು. ಕನ್ನಡಿಯ ಮುಂದೆ ನಿಲ್ಲುವುದನ್ನೂ ಬಿಟ್ಟಳು.

ಹೆತ್ತ ಕರುಳು ಎಷ್ಟಂತ ತಡೆದೀತು? ಯಾವ ಬಾಯಿ ಮಗಳ ಹೆಸರು ಕೆಡಿಸಿತೋ ಆ ಬಾಯಿಗೇ ಬುದ್ಧಿ ಕಲಿಸಬೇಕೆಂದು ಕಾಂತಾ ಹಲ್ಲು ಕಚ್ಚಿ ಕಾದಳು.

ಒಬ್ಬರಿಗೊಬ್ಬರು ಕ್ಷಮೆ ಕೇಳುವ ಹಬ್ಬ, ಕ್ಷಮಾವಾಣಿಯ ದಿನ ಬಂತು. ಅವತ್ತು ಜೈನರ ಮನೆಯಲ್ಲಿ ವೈರಿ ಬಂದು ಕೈಮುಗಿದರೂ ಒಲ್ಲೆ ಎನ್ನುವ ಹಾಗಿಲ್ಲ. ಕಾಂತಾ ಜಿನೇಶನ ಮನೆಗೆ ಹೋಗಿ ಕೈಮುಗಿದಳು. ಮಗಳು ತಪ್ಪು ಮಾಡಿದ ಜಾಗದಲ್ಲೇ ಕ್ಷಮೆ ಕೇಳಿ ಒಂದು ಊಟ ಹಾಕುತ್ತೇನೆ ಎಂದಳು. ಜಿನೇಶನ ತಾಯಿ ತ್ರಿಶಲಾಬಾಯಿ "ಅಯ್ಯಯ್ಯ, ಅಂಥಾ ಹೊಟೇಲಕ್ಕ ನಾ ಕಾಲಿಡಂಗಿಲ್ಲ" ಎಂದು ಹಟ ಹಿಡಿದಾಗ ಸಮಾಧಾನ ಹೇಳಿದವನು ಅವಳ ತಮ್ಮ ಪಾರ್ಶ್ವನಾಥನೇ. "ಅಲ್ಲಿ ನಮ್ಮಂಥವರು ಕೂಡೂ ಬಾಜು ಬ್ಯಾರೆ ಐತಿ ಅಕ್ಕಾ. ಅಡಿಗಿಮನಿನೂ ಬ್ಯಾರೆ. ನಡಿ."

ಹೀಗೆ ರವಿವಾರ ಮಧ್ಯಾಹ್ನ ಜಿನೇಶನೂ ಸೇರಿ ನಾಲ್ವರೂ ಮೇಜಿಗೆ ಬಂದು ಕೂತಿದ್ದರು. ಮೇಜಿನ ನಡುವೆ ಕೆಂಡದ ಒಲೆ, ಒಲೆಯ ಮೇಲೆ ಸಾರಿನ ಪಾತೇಲಿ. ಬೇಕಾದ್ದನ್ನು ಹಸಿಯಾಗಿಯೇ ತಂದು, ತಾವೇ ಅದರಲ್ಲಿ ಬೇಯಿಸಿಕೊಂಡು ತಿನ್ನಬೇಕು. "ರೊಕ್ಕಾನೂ ನಾವ ಕೊಡೂದು, ಅಡಿಗಿನೂ ನಾವ ಮಾಡೂದು. ಭಾಳ ಶಾಣ್ಯಾ ಅದಾರ ಇವರು!" ಎಂದು ತ್ರಿಶಲಾಬಾಯಿ ಮೂಗು ಮುರಿದಳು.

ಪಾರ್ಶ್ವನಾಥ ತಟ್ಟೆ ತುಂಬ ನೂಡಲ್ಸು, ಎಳೆಜೋಳ, ಸೋಯಾ ಪನೀರು ಹೇರಿಕೊಂಡು ಬಂದ. ಜಿನೇಶನ ಕೈಯಲ್ಲಿ ಊಟದ ಕಡ್ಡಿಗಳು ಜಾರಿ ಜಾರಿ ಬೀಳುತ್ತಿದ್ದವು. ಮಾವ ಅಂಥವೇ ಕಡ್ಡಿಗಳಿಂದ ನೂಡಲ್ಸನ್ನು ಸಾರಿನಲ್ಲಿ ಬೇಯಿಸಿ ಸಲೀಸಾಗಿ ಎತ್ತಿ ಬಾಯಿಗೆ ಹಾಕಿಕೊಂಡ.

"ಸಾರು ಮೊದಲ ಕುಡೀರಿ ಅಣ್ಣಾರ. ನಿಮಗಂತನ ಮಾಡಿಸೀನಿ," ಎಂದು ಕಾಂತಾ ಮೂವರಿಗೂ ಬಡಿಸಿದಳು.

"ನೀವು?" ಎಂದು ಜಿನೇಶ ಕೇಳಿದ.

"ನೀವು ಕುಡದರ ನನ್ನ ಹೊಟ್ಟಿ ತುಂಬತೈತಿ."

ತ್ರಿಶಲಾಬಾಯಿ ಎರಡು ಚಮಚ ಕುಡಿದಳು. ಜಿನೇಶ ಅರ್ಧ ಬಟ್ಟಲು. ಪಾರ್ಶ್ವನಾಥ ಬಟ್ಟಲನ್ನೇ ಎತ್ತಿ ಸೊರ್ರನೆ ಹೀರಿದ, ಇನ್ನೊಂದು ಹಾಕಿಸಿಕೊಂಡ. ಕಾಂತಾ ಅವನ ಗಂಟಲನ್ನೇ ನೋಡುತ್ತಿದ್ದಳು. ಈಗ ಬಿಟ್ಟರೆ ಇನ್ನೊಮ್ಮೆ ಸಿಗುವ ಮನುಷ್ಯ ಅಲ್ಲ ಇವನು.

"ಅಣ್ಣಾರ," ಎಂದಳು. "ನನ್ನ ಮಗಳ ಬಾಯಿಗಿ ಇಲ್ಲದ ಕೋಳಿ ತುರುಕಿದ್ರಿ. ಇವತ್ತ ನಿಮ್ಮ ಬಾಯಿಗಿ ನಾ ಹಾಕೀನಿ. ನೀವು ಕುಡದದ್ದು ಕೋಳಿ ಎಲುಬಿನ ಸಾರು."

ತ್ರಿಶಲಾಬಾಯಿಯ ಕೈಯಿಂದ ಚಮಚ ಬಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಕಣ್ಣು ಮೇಲೆ ಹೋದವು. ಜಿನೇಶ ಕುರ್ಚಿ ಕೆಡವಿ ಕೈತೊಳೆಯುವ ಕಡೆ ಓಡಿದ. ಅಲ್ಲಿಂದ ಅವನು ಓಕರಿಸುವ ಸದ್ದು ಕೇಳಿಸಿತು. ಪಾಪ, ಆ ತಾಯಿಯ ಮುಖ ಕಾಂತಾಗೆ ನೋಡಲಾಗಲಿಲ್ಲ. ಆದರೂ ಕೂತ ಜಾಗದಿಂದ ಕದಲಲಿಲ್ಲ.

"ನಿನ್ನ ವಂಶ ಹಾಳಾಗಲಿ!" ತ್ರಿಶಲಾಬಾಯಿ ಅಳುತ್ತ ಶಪಿಸಿದಳು. "ಹಬ್ಬದ ಹೆಸರಿಲೆ ಕರದು ನಮ್ಮ ಧರ್ಮಾ ಕೆಡಿಸಿದಿ! ತಮ್ಮಾ, ಏನ ನೋಡಾಕತ್ತಿ? ಉಗುಳೋ!"

ಪಾರ್ಶ್ವನಾಥ ಉಗುಳಲಿಲ್ಲ. ನಕ್ಕ. ಬಟ್ಟಲು ಎತ್ತಿ ಇನ್ನೊಂದು ಗುಟುಕು ಕುಡಿದು, ನಾಲಿಗೆ ಚಪ್ಪರಿಸಿದ.

"ಏ ಅಕ್ಕಾ, ಗಾಬರಿ ಆಗಬ್ಯಾಡ. ಈಕಿ ಸುಳ್ಳ ಹೇಳಾಕತ್ತಾಳ, ನಮ್ಮನ್ನ ಅಂಜಸಾಕ. ಕೋಳಿ ಸಾರಂದ್ರ ಮ್ಯಾಲ ಕೊಬ್ಬು ತೇಲತೈತಿ. ನಾಲಿಗಿಗಿ ಜಿಡ್ಡ ಹತ್ತತೈತಿ. ಅದರ ವಾಸನೀನ ಬ್ಯಾರೆ. ಇದು ಬರೇ ಹೆಸರಬ್ಯಾಳಿ ಕಟ್ಟು!"

ಮುಖ ಒರೆಸಿಕೊಳ್ಳುತ್ತ ಬಂದ ಜಿನೇಶ ನಿಂತಲ್ಲೇ ನಿಂತ. ತ್ರಿಶಲಾಬಾಯಿ ಅಳು ನಿಲ್ಲಿಸಿ ಬಾಯಿಂದ ಸೆರಗು ಸರಿಸಿದಳು, ತಮ್ಮನ ಮುಖವನ್ನೇ ನೋಡಿದಳು. ಪಾರ್ಶ್ವನಾಥನ ನಗು ಅರ್ಧಕ್ಕೇ ನಿಂತಿತು.

"ಖರೇ ಹೇಳಿದ್ರಿ ಅಣ್ಣಾರ, ಅದು ಹೆಸರಬ್ಯಾಳಿ ಕಟ್ಟು," ಎಂದಳು ಕಾಂತಾ. "ನನ್ನ ಪೂನಮ್‌ಗ ಕೇಳಿದ್ದರ, ಆಕಿಗಿ ಕೋಳಿಗೂ ಬ್ಯಾಳಿಗೂ ಇರೂ ಫರಕ ಗೊತ್ತ ಆಗತಿದ್ದಿಲ್ಲ."