ಮೋಟಾರ್ ಬೇಡದ ಬೀದಿ

ನಮ್ಮ ಬೀದಿಯ ಖಾಲಿ ನಿವೇಶನದಲ್ಲಿ ಪುರಸಭೆಯ ಪಂಪ್‌ಹೌಸ್ ಕಟ್ಟುವ ಪ್ರಸ್ತಾಪವಿತ್ತು. ಅದು ಬಂದರೆ ಮನೆಮನೆಗೆ ನಲ್ಲಿ ನೀರು. ಅಲ್ಲಿಗೆ ಇದೇ ಬೀದಿಯ ಜವರಪ್ಪನ ನೀರಿನ ಟ್ಯಾಂಕರ್ ವ್ಯಾಪಾರ ಮುಗಿದಂತೆ.

ಅಮ್ಮ ತೀರಿಕೊಂಡ ದಿನ, ಮೈ ತೊಳೆಸಲು ನೀರು ಕೇಳಿದರೆ, "ನನ್ ಮೇಲೆ ದೂರು ಕೊಟ್ಟೋರ ಮನೆಗೆ ಗಾಡಿ ಬರಾಕಿಲ್ಲ" ಎಂದಿದ್ದವನು ಅವನು.

ಈಗ ನಾನು ಪುರಸಭೆಯ ಅಧ್ಯಕ್ಷೆ. ಆಕ್ಷೇಪಣೆಯ ಸಭೆಯಲ್ಲಿ ಅವನು ಕೈಮುಗಿದು ನಿಂತ.

"ಸಂಸಾರಸ್ಥರು ಇರೋ ಬೀದಿ, ಮೇಡಮ್ಮೋರೆ. ಮೋಟಾರ್ ಸದ್ದು ಬ್ಯಾಡ."

"ಯಾವ ಮೋಟಾರೂ ಬೇಡವೇ?"

"ಯಾವ್ದೂ ಬ್ಯಾಡ. ಮಕ್ಳು ಓದ್ಬೇಕು, ವಯಸ್ಸಾದೋರು ಮಲಗ್ಬೇಕು."

"ಉಳಿದವರು ಏನು ಹೇಳುತ್ತೀರಿ?"

ಅವನು ಕರೆತಂದಿದ್ದವರೆಲ್ಲ ಕೈಯೆತ್ತಿದರು. "ಜವರಪ್ಪಣ್ಣ ಹೇಳಿದ್ದೇ ನಮ್ಮಾತು!" ಎಂದು ಹಿಂದಿನಿಂದ ಒಬ್ಬ ಕೂಗಿದ.

"ಆಗಲಿ, ನಿಮ್ಮ ಮಾತೇ ಸಭೆಯ ನಿರ್ಣಯ," ಎಂದೆ. ಸದಸ್ಯರೆಲ್ಲರೂ ಒಪ್ಪಿದರು.

ಜವರಪ್ಪ ಮೀಸೆ ತೀಡಿಕೊಳ್ಳುತ್ತಾ ಬಾಗಿಲ ಕಡೆ ತಿರುಗಿದ.

ನಾನು ಇಂಜಿನಿಯರಿಗೆ ಹೇಳಿದೆ: "ಪಂಪ್‌ಹೌಸನ್ನು ಸಂತೆ ಮೈದಾನದಲ್ಲಿ ಕಟ್ಟಿ. ಜವರಪ್ಪನವರ ಮನೆ ಹಿತ್ತಲಲ್ಲಿ ಟ್ಯಾಂಕರ್ ತುಂಬಿಸುವ ಮೋಟಾರುಗಳನ್ನು ಇವತ್ತೇ ನಿಲ್ಲಿಸಿ."