ಗುಡ್ಡದ ಮೇಲಿನ ಆರಡಿ ಮೂರಡಿ

ಹಣ್ಣಿನ ಚೀಲ ಹಿಡಿದು ಬಂದ ದಿನಸಿ ಅಂಗಡಿಯವನನ್ನು ಬೀಗದವನು ಹೊಸ್ತಿಲು ದಾಟಲು ಬಿಡಲಿಲ್ಲ.

"ಅಮ್ಮ ಹೇಗಿದಾರೆ?"

"ಕಲ್ಲುಗುಂಡಿನ ಹಾಗಿದಾರೆ. ನೀವಿನ್ನು ಹೊರಡಿ."

"ನೀವೇ ಯಾಕೋ ಸೊರಗಿದೀರಿ," ಎಂದು ಅವನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಅಂಗಡಿಯವನು ಹೊರಟುಹೋದ.

ಎಂಥ ಅಕ್ಕರೆ! ಚಳಿಗಾಲದಲ್ಲಿ ಅಮ್ಮ ಬಿದ್ದು ಸೊಂಟ ಮುರಿದುಕೊಂಡಾಗ ಇಣುಕಿಯೂ ನೋಡದ ಬೀದಿ ಈಗ ಅವಳ ಕ್ಷೇಮ ಕೇಳಲು ಸಾಲುಗಟ್ಟುತ್ತಿತ್ತು. ಯಾಕೆಂದು ಬೀಗದವನಿಗೆ ಚೆನ್ನಾಗಿಯೇ ಗೊತ್ತಿತ್ತು.

ಊರಿನ ಸ್ಮಶಾನ ತುಂಬಿಹೋಗಿ ಗುಡ್ಡದ ಮೇಲೆ ಹೊಸದು ತಯಾರಾಗಿತ್ತು. ಇದು ಬಿಟ್ಟರೆ ಇನ್ನೆಲ್ಲೂ ಜಾಗವಿಲ್ಲವಂತೆ ಎಂದು ಯಾರೋ ಅಂದದ್ದೇ ತಡ, ಜನ ಮುಗಿಬಿದ್ದರು. ಮೊದಲು ತಮಗೊಂದು ಗುಣಿ ಕೊಂಡರು, ಆಮೇಲೆ ಇನ್ನೂ ಹುಟ್ಟದ ಮೊಮ್ಮಕ್ಕಳಿಗೂ ಕೊಂಡರು. ಮೇಷ್ಟರಂತೂ ಇದ್ದ ಮನೆ ಮಾರಿ ಒಂದು ಸಾಲನ್ನೇ ಹಿಡಿದರು. ಬದುಕುವುದಕ್ಕೆ ಬಾಡಿಗೆ ಮನೆ, ಸಾಯುವುದಕ್ಕೆ ಸ್ವಂತ ಜಾಗ! ಹತ್ತು ಪಟ್ಟು ಕೊಡುತ್ತೇವೆಂದು ಪರಊರಿನ ವ್ಯಾಪಾರಿಗಳೂ ಬಂದು ಕೂತರು. ಆದರೆ ಪಂಚಾಯಿತಿ ಕಚೇರಿಯದೊಂದು ನಿಯಮ ಅಡ್ಡ ಬಂತು. ಮೊದಲ ಹೆಣ ಮಣ್ಣಾಗುವವರೆಗೆ ಸ್ಮಶಾನ ತೆರೆದಂತಲ್ಲ, ಅಲ್ಲಿಯವರೆಗೆ ಯಾರೂ ಜಾಗ ಮಾರುವಂತಿಲ್ಲ.

ಹಾಳಾದ್ದು, ಆಮೇಲೆ ಊರಲ್ಲಿ ಒಬ್ಬರೂ ಸಾಯಲಿಲ್ಲ. ಕಾದು ಬೇಸತ್ತ ವ್ಯಾಪಾರಿಗಳು ಗಂಟುಮೂಟೆ ಕಟ್ಟತೊಡಗಿದರು. ಊರಿಗೆಲ್ಲ ಹಾಸಿಗೆ ಹಿಡಿದವಳೆಂದರೆ ಬೀಗದವನ ಅಮ್ಮ ಒಬ್ಬಳೇ.

ಅವನು ಒಂದಡಿಯನ್ನೂ ಕೊಂಡಿರಲಿಲ್ಲ. ಬಾಗಿಲಿಗೆ ತಾನೇ ಮಾಡಿದ ಮೂರು ಬೀಗ ಜಡಿದ. ಯಾರೇನು ತಂದರೂ ಚರಂಡಿಗೆ ಸುರಿದ. ಅಡುಗೆ ತಾನೇ ಮಾಡಿ, ಮೊದಲು ತಾನು ತಿಂದು, ಆಮೇಲೆ ಅಮ್ಮನಿಗೆ ತಿನ್ನಿಸಿದ. ಆದರೂ ಕೆಲಸ ಮುಗಿಸಿ ಬಂದಾಗೆಲ್ಲ ಯಾರಾದರೊಬ್ಬರು ಅವಳ ಕಿಟಕಿಯ ಬಳಿ ನಿಂತು ಪಿಸುಗುಡುತ್ತಿದ್ದರು. ಕಂಬಿಯ ಸಂದಿಯಿಂದ ಏನಾದರೂ ತೂರಿಸಿದರೆ? ಅಮ್ಮನಿಲ್ಲದ ಮನೆಯನ್ನು ನೆನೆದೇ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

"ಗುಡ್ಡದ ಮೇಲಿನ ಜಾಗಕ್ಕೆ ಈಗ ಎಷ್ಟು ನಡೀತಿದೆಯೋ?" ಎಂದು ಅವಳು ಕೇಳುತ್ತಿದ್ದಳು.

"ನಿಂಗ್ಯಾಕಮ್ಮ ಆ ಚಿಂತೆ?"

"ಸುಮ್ನೆ ಕೇಳ್ದೆ. ನಾನಂತೂ ಇಷ್ಟು ಬೇಗ ಸಾಯೋಳಲ್ಲ ಬಿಡು."

ಬಾಗಿಲು ನೆಲಕ್ಕೆ ಉಜ್ಜುತ್ತಿದೆಯೆಂದು ಬಡಗಿಯನ್ನು ಕರೆಸಿದ್ದೂ ಅಮ್ಮನೇ. ಬಡಗಿ ಅಳತೆಪಟ್ಟಿ ಬಿಚ್ಚಿ ಬೀಗದವನಿಗೆ ಹೇಳಿದ. "ನೀವು ಚೌಕಟ್ಟಿಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತ್ಕೊಳಿ. ಅಳತೆ ಸರಿಯಾಗಿ ಸಿಗುತ್ತೆ." ಬೀಗದವನ ಕಣ್ಣೆಲ್ಲ ಅಮ್ಮನ ಮಂಚದ ಮೇಲಿತ್ತು. ಬಡಗಿ ಆ ಕಡೆ ತಿರುಗಿಯೂ ನೋಡಲಿಲ್ಲ. ಸದ್ಯ, ಇವನೊಬ್ಬನಾದರೂ ಒಳ್ಳೆಯವನು ಅನ್ನಿಸಿತು.

ಆ ಸಂಜೆ ಹಾಲು ಕಾಯಿಸಿ, ಒಂದು ಗುಟುಕು ತಾನು ಕುಡಿದು, ಲೋಟವನ್ನು ಅಮ್ಮನ ಕೈಗಿಟ್ಟ. ಹೊರಗೆ ಜನ ಸೇರಿದ ಸದ್ದಾಯಿತು. ಓಡಿ ಹೋಗಿ ಮೂರೂ ಬೀಗಗಳನ್ನು ಎಳೆದು ನೋಡಿ ಬಂದ. ಲೋಟ ಇನ್ನೂ ತುಂಬಿಯೇ ಇತ್ತು.

"ನೀನೇ ಕುಡಿಯೋ. ನನ್ನ ಕಾದು ಕಾದು ಕಡ್ಡಿಯಾಗಿದೀಯ."

ಅವನ ಕಣ್ಣು ತುಂಬಿ ಬಂತು. ಅಮ್ಮನ ಮಾತು ಎಂದೂ ಮೀರಿದವನಲ್ಲ. ಗಟಗಟನೆ ಕುಡಿದುಬಿಟ್ಟ.

"ಬಾಯೆಲ್ಲ ಕಹಿ ಆಗ್ತಿದೆ ಅಮ್ಮ."

"ಒಂದು ಗಳಿಗೆ ಅಷ್ಟೇ. ಮಲ್ಕೋ."

ಅವನು ನೆಲಕ್ಕೆ ಬಿದ್ದ. ಮಂಚದಿಂದ ಎರಡು ಪಾದಗಳು ಇಳಿದು ತನ್ನನ್ನು ದಾಟಿ ನಡೆದುಹೋದದ್ದು ಮಸುಕಾಗಿ ಕಂಡಿತು. ಬೀಗಗಳು ಒಂದೊಂದಾಗಿ ತೆರೆದವು. ಹೊಸ್ತಿಲಾಚೆ ಇಡೀ ಬೀದಿಯೇ ನಿಂತಿತ್ತು.

"ನನ್ನ ಪಾಲಿನ ಜಾಗಗಳು ಮೊದಲು ಮಾರಾಟ ಆಗ್ಬೇಕು, ನಿಮ್ಮದೆಲ್ಲ ಆಮೇಲೆ," ಎಂದಳು ಅಮ್ಮ. "ಕಿಟಕಿ ಹತ್ರ ಹಾಗೇ ತಾನೇ ಮಾತಾಗಿದ್ದು?"